ಸ್ಪ್ರೇ ಗನ್ ಕೊಳ್ಳುವ ಮುನ್ನ

ಹಳೆಯ ಸ್ಕೂಟರು, ಊರಿನಿಂದ ತಂದ ತಗಡಿನ ಟ್ರಂಕು, ತಾಯಿಯ ಕಾಲದ ಹೊಲಿಗೆ ಯಂತ್ರ, ಕಬ್ಬಿಣದ ಕುರ್ಚಿ - ಇಂಥವನ್ನು ಗುಜರಿಗೆ ಹಾಕಲು ಮನಸ್ಸು ಬಾರದೆ, ರವಿವಾರದ ಬಿಡುವಿನಲ್ಲಿ ತಾವೇ ಉಜ್ಜಿ ಬಣ್ಣ ಹಚ್ಚುವ ಹವ್ಯಾಸಿಗಳು ನಮ್ಮ ವಾಚಕರಲ್ಲಿಯೂ ಇರಬಹುದು. ಕುಂಚದಿಂದ ಹಚ್ಚಿದ ಬಣ್ಣದಲ್ಲಿ ಗೆರೆ ಉಳಿಯುತ್ತದೆ. ಕಾರಖಾನೆಯಿಂದ ಬಂದಂಥ ನುಣುಪು ಬೇಕಾದರೆ ಸ್ಪ್ರೇ ಗನ್ನಿನ ಸಹಾಯ ಬೇಕಾಗುತ್ತದೆ. ಆದರೆ ಅಂಗಡಿಯಲ್ಲಿ ಹೊಳೆಯುವ ಗನ್ನನ್ನು ಕೊಂಡು ತಂದು, ಮನೆಯಲ್ಲಿ ಅದು ಬಣ್ಣವನ್ನು ಸಿಂಪಡಿಸದೆ ಉಗುಳತೊಡಗಿದಾಗ ಗನ್ನನ್ನು ಹಳಿಯುವವರುಂಟು. ಬಹಳ ಸಲ ಅದಕ್ಕೆ ಬೇಕಾದಷ್ಟು ಗಾಳಿ ಸಿಕ್ಕದಿರುವುದೇ ಇದಕ್ಕೆ ಕಾರಣ. ಆದುದರಿಂದ ಮೊದಲು ಗಾಳಿಯ ಲೆಕ್ಕ, ಅನಂತರ ಗನ್ನು ಎಂಬುದೇ ಈ ಲೇಖನದ ಸಾರ.

ಸ್ಪ್ರೇ ಗನ್ನಿನ ಮೂಲ ವೈದ್ಯರ ಔಷಧಾಲಯದಲ್ಲಿದೆ. ಅಮೆರಿಕದ ಓಹಾಯೋ ಪ್ರಾಂತದ ಟೊಲೀಡೊ ನಗರದಲ್ಲಿ ಅಲೆನ್ ಡೆವಿಲ್ಬಿಸ್ ಎಂಬ ಡಾಕ್ಟರು 19ನೆಯ ಶತಮಾನದ ಕೊನೆಯಲ್ಲಿ ರೋಗಿಗಳ ಗಂಟಲಿಗೆ ಔಷಧ ಸಿಂಪಡಿಸುವ ಸಾಧನವನ್ನು ರಚಿಸಿದರು. ಅವರ ಮಗ ಥಾಮಸ್ ಅದೇ ತತ್ತ್ವವನ್ನು 20ನೆಯ ಶತಮಾನದ ಆರಂಭದಲ್ಲಿ ಬಣ್ಣಕ್ಕೆ ಅಳವಡಿಸಿದರು. ಇಂದಿಗೂ ತತ್ತ್ವ ಅದೇ: ವೇಗವಾಗಿ ಹೊರನುಗ್ಗುವ ಗಾಳಿ ದ್ರವವನ್ನು ಒಡೆದು ಮಂಜಿನಂತೆ ಮಾಡುತ್ತದೆ. ಗಾಳಿ ಕಡಮೆಯಾದರೆ ಹನಿ ದಪ್ಪವಾಗಿ, ಬಣ್ಣದ ಮೈ ಕಿತ್ತಳೆ ಸಿಪ್ಪೆಯಂತೆ ಗುಳಿಗುಳಿಯಾಗುತ್ತದೆ.

ಈಗ ಗಾಳಿಯ ಲೆಕ್ಕಕ್ಕೆ ಬರೋಣ. ಕಂಪ್ರೆಸರಿನ ಮೇಲೆ ಬರೆದ ಅಶ್ವಶಕ್ತಿಯನ್ನೂ ಟ್ಯಾಂಕಿನ ಲೀಟರನ್ನೂ ನೋಡಿ ಸಂತೋಷಪಟ್ಟರೆ ಸಾಲದು. ಮಿನಿಟಿಗೆ ಎಷ್ಟು ಘನ ಅಡಿ ಗಾಳಿ ನಿಜವಾಗಿ ಹೊರಬರುತ್ತದೆಂದು ಕೇಳಬೇಕು. ಜಾಹೀರಾತಿನಲ್ಲಿ ಕೊಡುವ ಅಂಕಿ ಅನೇಕ ವೇಳೆ ಪಿಸ್ಟನ್ ಒಳಗೆಳೆದುಕೊಳ್ಳುವ ಗಾಳಿಯದು. ಚಿಕ್ಕ ಯಂತ್ರಗಳಲ್ಲಿ ಹೊರಬರುವುದು ಅದಕ್ಕಿಂತ ಸುಮಾರು ಮೂರನೆಯ ಒಂದು ಪಾಲು ಕಡಮೆ. 1 ಅಶ್ವಶಕ್ತಿಯ ಯಂತ್ರದಿಂದ ಸಾಮಾನ್ಯವಾಗಿ 3ರಿಂದ 4 ಘನ ಅಡಿ ಸಿಗುತ್ತದೆ. ಅಂಕಿ ಲೀಟರಿನಲ್ಲಿದ್ದರೆ ಅದನ್ನು 28ರಿಂದ ಭಾಗಿಸಿರಿ. ದೊಡ್ಡ ಟ್ಯಾಂಕು ಇದ್ದರೆ ಒತ್ತಡ ಕುಸಿಯುವುದು ಸ್ವಲ್ಪ ತಡವಾಗುವುದೇ ಹೊರತು ಯಂತ್ರದ ಶಕ್ತಿ ಹೆಚ್ಚುವುದಿಲ್ಲ.

ಗನ್ನುಗಳಲ್ಲಿ ಬಟ್ಟಲು ಕೆಳಗಿರುವುದು ಒಂದು ಬಗೆ, ಮೇಲಿರುವುದು ಇನ್ನೊಂದು ಬಗೆ. ಕೆಳಬಟ್ಟಲಿನ ಗನ್ನು ಬಣ್ಣವನ್ನು ಮೇಲಕ್ಕೆ ಹೀರಬೇಕಾದುದರಿಂದ ಹೆಚ್ಚು ಒತ್ತಡ ಕೇಳುತ್ತದೆ. ತಳದಲ್ಲಿ ಸ್ವಲ್ಪ ಬಣ್ಣ ಉಳಿದೇ ಉಳಿಯುತ್ತದೆ. ಮೇಲ್ಬಟ್ಟಲಿನದರಲ್ಲಿ ಬಣ್ಣ ತಾನಾಗಿ ಇಳಿಯುವುದರಿಂದ ಕೊನೆಯ ಚಮಚದವರೆಗೂ ಉಪಯೋಗವಾಗುತ್ತದೆ. ಸ್ವಲ್ಪ ಬಣ್ಣದಲ್ಲಿ ಸ್ವಲ್ಪ ಕೆಲಸ ಮಾಡುವ ಹವ್ಯಾಸಿಗೆ ಇದೇ ಮೇಲು.

ಗಾಳಿಯ ಬಳಕೆಯಿಂದಲೂ ಭೇದಗಳಿವೆ. ಹಳೆಯ ಪದ್ಧತಿಯ ಗನ್ನು ಚದರ ಅಂಗುಲಕ್ಕೆ 40ರಿಂದ 60 ಪೌಂಡ್ ಒತ್ತಡದಲ್ಲಿ ಕೆಲಸ ಮಾಡುತ್ತದೆ. ಅರ್ಧಕ್ಕಿಂತ ಹೆಚ್ಚು ಬಣ್ಣ ಮಂಜಾಗಿ ಗಾಳಿಪಾಲಾಗುವುದುಂಟು. ಎಚ್.ವಿ.ಎಲ್.ಪಿ. ಎಂಬ ಬಗೆಯದರಲ್ಲಿ ಗನ್ನಿನ ಬಾಯಲ್ಲಿ ಒತ್ತಡ 10 ಪೌಂಡ್ ಮೀರುವುದಿಲ್ಲ. ಬಣ್ಣ ಉಳಿಯುತ್ತದೆ, ಮಂಜು ಕಡಮೆ. ಆದರೆ ಗಾಳಿಯನ್ನು ಅದು ಧಾರಾಳವಾಗಿ ಕುಡಿಯುತ್ತದೆ. ಮಿನಿಟಿಗೆ 10 ಘನ ಅಡಿ, ಕೆಲವಕ್ಕೆ ಅದಕ್ಕೂ ಹೆಚ್ಚು ಬೇಕು. 1 ಅಶ್ವಶಕ್ತಿಯ ಯಂತ್ರಕ್ಕೆ ಇದನ್ನು ಜೋಡಿಸುವುದು ಹಾಸಿಗೆ ಮೀರಿ ಕಾಲು ಚಾಚಿದಂತೆ. ಎಲ್.ವಿ.ಎಲ್.ಪಿ. ಎಂಬ ಮೂರನೆಯ ಬಗೆ ಸುಮಾರು 4ರಿಂದ 6 ಘನ ಅಡಿಯಲ್ಲಿ ಕೆಲಸ ಸಾಗಿಸುತ್ತದೆ. ವೇಗ ಕಡಮೆಯಾದರೂ 2 ಅಶ್ವಶಕ್ತಿಯ ಯಂತ್ರವುಳ್ಳವರಿಗೆ ಇದು ಹೊಂದುತ್ತದೆ.

ಇನ್ನು ನಾಜಲ್. ಸ್ಕೂಟರಿನ ಮೇಲ್ಬಣ್ಣಕ್ಕೂ ವಾರ್ನಿಶಿಗೂ 1.3 ಅಥವಾ 1.4 ಮಿಲಿಮೀಟರ್ ಸರಿ. ದಪ್ಪನೆಯ ಪ್ರೈಮರಿಗೆ 1.7 ಅಥವಾ 1.8 ಬೇಕು. ಹೊಲಿಗೆ ಯಂತ್ರ, ದೀಪದ ಕಂಬ, ಆಟಿಕೆಗಳಿಗೆ 0.8ರಿಂದ 1.0 ನಾಜಲ್ ಉಳ್ಳ, 125 ಮಿಲಿಲೀಟರ್ ಬಟ್ಟಲಿನ ಚಿಕ್ಕ ಗನ್ನು ಸಾಕು. 1 ಅಶ್ವಶಕ್ತಿಯಲ್ಲಿಯೂ ಇದು ನಡೆಯುತ್ತದೆ. ವರ್ಷಕ್ಕೊಂದು ಕುರ್ಚಿಗೆ ಮಾತ್ರ ಬಣ್ಣ ಕೊಡುವವರು ಗನ್ನು, ಕಂಪ್ರೆಸರುಗಳ ಗೋಜಿಗೆ ಹೋಗದೆ ಸ್ಪ್ರೇ ಡಬ್ಬಿಯೊಂದನ್ನು ತರುವುದೇ ಲೇಸು.

ಮುಂಬಯಿಯ ನಾಗದೇವಿ ಬೀದಿ, ಪುಣೆಯ ಬೋಹರಿ ಆಳಿ, ಸಿಕಂದರಾಬಾದಿನ ರಾಣಿಗಂಜ್, ದಿಲ್ಲಿಯ ಚಾವಡಿ ಬಾಜಾರುಗಳಂಥ ಪೇಟೆಗಳಲ್ಲಿ ಹತ್ತಾರು ಅಂಗಡಿಗಳುಂಟು. ಅಲ್ಲಿ ಸೂಜಿ, ನಾಜಲ್, ಗಾಳಿಮುಚ್ಚಳ ಈ ಮೂರೂ ಬಿಡಿಯಾಗಿ ಮುಂದೆಯೂ ಸಿಗುವುವೇ ಎಂದು ಕೇಳಿರಿ. ನೀರಿನಲ್ಲಿ ಕಲಸುವ ಬಣ್ಣಕ್ಕಾದರೆ ಸೂಜಿಯೂ ನಾಜಲೂ ತುಕ್ಕು ಹಿಡಿಯದ ಉಕ್ಕಿನವಾಗಿರಲಿ. ಸಾಧ್ಯವಾದರೆ ನೀರು ಹಾಕಿಸಿ ರಟ್ಟಿನ ಮೇಲೆ ಸಿಂಪಡಿಸಿ ನೋಡಿರಿ. ಗುರುತು ಉದ್ದನೆಯ ಅಂಡಾಕಾರವಾಗಿ ಸಮನಾಗಿರಬೇಕು. ಅದು ಬಾಳೆಹಣ್ಣಿನಂತೆ ಬಾಗಿದ್ದರೆ ಗಾಳಿಮುಚ್ಚಳವನ್ನು ಅರ್ಧ ಸುತ್ತು ತಿರುಗಿಸಿರಿ. ಬಾಗು ದಿಕ್ಕು ಬದಲಿಸಿದರೆ ದೋಷ ಮುಚ್ಚಳದ್ದು, ಬದಲಿಸದಿದ್ದರೆ ನಾಜಲಿನದು.

ಗನ್ನಿನ ಜೊತೆಗೆ ಒತ್ತಡದ ಮೀಟರನ್ನೂ ನೀರು ಹಿಡಿಯುವ ಫಿಲ್ಟರನ್ನೂ ಮರೆಯಕೂಡದು. ಮುಂಬಯಿ, ಚೆನ್ನೈಗಳ ತೇವದ ಹವೆಯಲ್ಲಿ ಕಂಪ್ರೆಸರಿನೊಳಗೆ ನೀರು ಸೇರಿ ಬಣ್ಣದ ಮೇಲೆ ಗುಳ್ಳೆ ಏಳಿಸುತ್ತದೆ. ಮಳೆಗಾಲದಲ್ಲಿ ಬೇಗ ಒಣಗುವ ಎನ್.ಸಿ. ಬಣ್ಣ ಹೊಡೆದರೆ ಮೈ ಬೆಳ್ಳಗೆ ಮಂಕಾಗುತ್ತದೆ. ಒಣಹವೆಯ ದಿನಕ್ಕಾಗಿ ಕಾಯುವುದೇ ಇದಕ್ಕೆ ಸುಲಭದ ಉಪಾಯ.

ಎಲ್ಲಕ್ಕಿಂತ ಮುಖ್ಯವಾದುದು ಜೀವದ ಮಾತು. ನಮ್ಮಲ್ಲಿ ಅನೇಕರ ಮನೆ ಒಂದೇ ಕೋಣೆಯದು. ಅಡಿಗೆಯೂ ಅಲ್ಲೇ, ಮಕ್ಕಳ ನಿದ್ದೆಯೂ ಅಲ್ಲೇ. ಥಿನ್ನರಿನ ಆವಿ ಗಾಳಿಗಿಂತ ಭಾರವಾದ್ದರಿಂದ ನೆಲದ ಮೇಲೆ ಹರಡಿ, ದೂರದ ಒಲೆಯಿಂದಲೋ ದೇವರ ದೀಪದಿಂದಲೋ ಹೊತ್ತಿಕೊಳ್ಳಬಲ್ಲುದು. ಕೋಣೆಯಲ್ಲಿ ಗನ್ನು ಹಿಡಿಯಲೇಬೇಡಿರಿ. ನೆರೆಯವರಿಗೆ ತಿಳಿಸಿ, ಗಾಳಿ ಕಡಮೆಯಿರುವ ಮುಂಜಾನೆ ಮಹಡಿಯ ಮೇಲೆ ಕೆಲಸ ಮಾಡಿರಿ. ಮೂಗಿಗೆ ಕಟ್ಟಿದ ಕರವಸ್ತ್ರ ಆವಿಯನ್ನು ತಡೆಯದು. ಇದ್ದಿಲಿನ ಡಬ್ಬಿಯುಳ್ಳ ಮುಖವಾಡ ಬೇಕು. ಗಟ್ಟಿಕಾರಕ ಬೆರೆಸುವ ಎರಡು ಡಬ್ಬಿಯ ಪಿ.ಯು. ಬಣ್ಣದಲ್ಲಿ ಐಸೊಸಯನೇಟ್ ಎಂಬ ದ್ರವ್ಯವಿದೆ. ಅದು ವಾಸನೆಯ ಸೂಚನೆಯನ್ನೂ ಕೊಡದೆ, ಜೀವಮಾನವಿಡೀ ಬಿಡದ ಉಬ್ಬಸ ತರಬಲ್ಲುದು. ಇದ್ದಿಲಿನ ಮುಖವಾಡವನ್ನು ಅದರ ಮುಂದೆ ನಂಬುವಂತಿಲ್ಲ. ಹೊರಗಿನ ಶುದ್ಧ ಗಾಳಿಯನ್ನು ನಳಿಗೆಯಿಂದ ಉಸಿರಾಡುವ ಏರ್ಪಾಡುಳ್ಳ ವರ್ಕ್‌ಶಾಪಿಗೆ ಆ ಕೆಲಸವನ್ನು ಬಿಡುವುದೇ ವಿವೇಕ.

ಹಳೆಯ ಬಣ್ಣ ಕೀಳುವಾಗಲೂ ಎಚ್ಚರ ಬೇಕು. ಮನೆಬಳಕೆಯ ಬಣ್ಣದಲ್ಲಿ ಸೀಸ ದಶಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದುದು 2017ರ ನವೆಂಬರಿನಲ್ಲಿ. ಅದಕ್ಕೆ ಹಿಂದಿನ ಬಣ್ಣದಲ್ಲಿ ಸೀಸವಿರಬಹುದು. ನೀರು ಹಾಕಿಯೇ ಉಜ್ಜಿ, ಧೂಳು ಏಳದಂತೆ ನೋಡಿಕೊಳ್ಳಿರಿ, ಮಕ್ಕಳನ್ನು ದೂರವಿಡಿರಿ.

ಕೆಲಸ ಮುಗಿದೊಡನೆ ಗನ್ನಿನೊಳಗೆ ಥಿನ್ನರು ಹಾಯಿಸಿ, ನಾಜಲನ್ನು ಬಿಚ್ಚಿ ಮೆತ್ತನೆಯ ಬ್ರಶ್ಶಿನಿಂದ ತೊಳೆಯಬೇಕು. ಇಡೀ ಗನ್ನನ್ನು ಥಿನ್ನರಿನಲ್ಲಿ ಮುಳುಗಿಸಿಟ್ಟರೆ ಒಳಗಿನ ವಾಶರುಗಳು ಕೆಡುತ್ತವೆ. ನಾಜಲಿನ ತೂತಿಗೆ ತಂತಿ ತೂರಿಸಕೂಡದು.

ಪೇಟೆಗೆ ಹೊರಡುವ ಮುಂಚೆ ಚೀಟಿಯಲ್ಲಿ ಮೂರು ಸಂಗತಿ ಬರೆದುಕೊಳ್ಳಿರಿ: ಕಂಪ್ರೆಸರು ನಿಜವಾಗಿ ಕೊಡುವ ಗಾಳಿ, ಹೊಡೆಯಬೇಕಾದ ಬಣ್ಣ, ವಸ್ತುವಿನ ಗಾತ್ರ. ಗನ್ನಿಗೆ ಬೇಕಾದ ಗಾಳಿ ನಿಮ್ಮ ಅಂಕಿಯನ್ನು ಮೀರಿದರೆ, ಬೆಲೆ ಎಷ್ಟೇ ಅಗ್ಗವಾಗಿದ್ದರೂ ಅದನ್ನು ಅಂಗಡಿಯಲ್ಲಿಯೇ ಬಿಟ್ಟುಬನ್ನಿರಿ.