ಚೌಕಾಬಾರ ಬಲ್ಲವರಿಗೆ ಗೇಮ್ ಕಟ್ಟುವುದು ದೂರದ ವಿದ್ಯೆಯಲ್ಲ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ಹೈಸ್ಕೂಲು, ಪಿಯು ಮಕ್ಕಳಲ್ಲಿ ಮೊಬೈಲ್ ಗೇಮ್ ಆಡುವುದಷ್ಟೇ ಅಲ್ಲ, ತಾವೇ ಒಂದನ್ನು ಮಾಡಬೇಕೆಂಬ ಆಸೆ ಇರುವವರಿದ್ದಾರೆ. ಅವರು ಬಾಯಿಬಿಟ್ಟು ಕೇಳಿದರೆ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: "ಅದಕ್ಕ ಲಕ್ಷ ರೂಪಾಯಿ ಕಂಪ್ಯೂಟರ್ ಬೇಕಪ್ಪಾ, ಬೆಂಗಳೂರಿಗೆ ಹೋಗಿ ಕೋರ್ಸ್ ಮಾಡಬೇಕು." ಎರಡೂ ನಿಜವಲ್ಲ. ಹದಿನೈದು ವರ್ಷದ ಮಗುವಿನ ಉತ್ಸಾಹ ಈ ಒಂದು ಮಾತಿಗೆ ಆರಿಹೋಗುವುದು ನನಗೆ ನಿಜಕ್ಕೂ ಸಂಕಟದ ವಿಷಯ.

ಮೊದಲು ಕಂಪ್ಯೂಟರಿನ ಮಾತು. ಭಾರೀ 3ಡಿ ಆಟಗಳನ್ನು ಕಟ್ಟಲು ಭಾರೀ ಯಂತ್ರವೇ ಬೇಕು, ಅದು ಸರಿ. ಆದರೆ ಕಲಿಯುವವರಿಗೆ ಬೇಕಾದದ್ದು 2ಡಿ. ಅರ್ಜೆಂಟೀನಾದ ಇಬ್ಬರು ಪ್ರೋಗ್ರಾಮರುಗಳು ಕಟ್ಟಿ, 2014ರಲ್ಲಿ ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟ ಗೊಡಾಟ್ ಎಂಬ ಗೇಮ್ ಎಂಜಿನ್ ಸಾಧಾರಣ ಹಳೆಯ ಲ್ಯಾಪ್‌ಟಾಪಿನಲ್ಲೂ ನಡೆಯುತ್ತದೆ. ಅದಕ್ಕೆ ದುಡ್ಡಿಲ್ಲ, ನೀವು ಮಾಡಿದ ಆಟ ಗಳಿಸಿದರೆ ಪಾಲೂ ಕೇಳುವುದಿಲ್ಲ. ಇನ್ನೂ ಚಿಕ್ಕವರಿಗೆ ಎಂಐಟಿಯ ಸ್ಕ್ರ್ಯಾಚ್ ಇದೆ, ಬ್ರೌಸರ್ ಇದ್ದರೆ ಸಾಕು. ಮನೆಯಲ್ಲಿ ಕಂಪ್ಯೂಟರ್ ಇಲ್ಲದಿದ್ದರೆ ಶಾಲೆಯ ಲ್ಯಾಬ್ ಕೇಳಿ, ಗ್ರಾಮ ಪಂಚಾಯ್ತಿಯ ಅರಿವು ಕೇಂದ್ರ ಕೇಳಿ. ಹಲವು ಕಡೆ ಅಲ್ಲಿ ಕಂಪ್ಯೂಟರ್ ಬಂದಿವೆ. ಗೊಡಾಟ್ ಆಂಡ್ರಾಯ್ಡ್ ಫೋನಿನಲ್ಲೂ ಸಿಗುತ್ತದೆ, ಆದರೆ ಫೋನಿನ ಪುಟ್ಟ ಕೀಲಿಮಣೆಯಲ್ಲಿ ಕೋಡ್ ಬರೆಯುವುದು ಕಣ್ಣಿಗೂ ಬೆರಳಿಗೂ ಹಿಂಸೆ.

ಇನ್ನು ಕೋರ್ಸು. ಧ್ರುವ ಇಂಟರಾಕ್ಟಿವ್ ಎಂಬ ಗೇಮ್ ಕಂಪನಿ ಬೆಂಗಳೂರಿನಲ್ಲಿ ಶುರುವಾದದ್ದು 1997ರಲ್ಲಿ, ಹಾವೇರಿ ಪ್ರತ್ಯೇಕ ಜಿಲ್ಲೆಯಾದ ವರ್ಷವೇ. ರಾಜ್ಯದ ಗೇಮ್ ಉದ್ಯೋಗಗಳು ಇವತ್ತಿಗೂ ಹೆಚ್ಚಾಗಿ ಆ ನಗರದಲ್ಲೇ ಇವೆ, ಒಪ್ಪೋಣ. ಆದರೆ ಕಲಿಕೆ ಅಲ್ಲಿಗೆ ಹೋಗಿಯೇ ಶುರುವಾಗಬೇಕೆಂದಿಲ್ಲ. ಹಾರ್ವರ್ಡಿನ ಸಿಎಸ್50 ಸರಣಿಯಲ್ಲಿ ಗೇಮ್ ಕಟ್ಟುವ ಕೋರ್ಸೇ ಇದೆ, ಪುಕ್ಕಟೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಪ್ರೋಗ್ರಾಮಿಂಗ್‌ನ ಮೂಲಪಾಠಗಳು ಕನ್ನಡ ದನಿಯಲ್ಲೂ ಸಿಗುತ್ತವೆ. ಹೊಲ ಅಡವಿಟ್ಟು ಫೀ ಕಟ್ಟುವ ಮೊದಲು ಮಗ, ಮಗಳು ಒಂದು ಸಣ್ಣ ಆಟ ಪೂರ್ತಿ ಮುಗಿಸಲಿ ಎಂಬುದು ಪಾಲಕರಿಗೆ ನನ್ನ ಕಳಕಳಿಯ ಮಾತು.

"ಮಾಡಿದ್ರ ಬಿಜಿಎಂಐ ತರಾನ ಮಾಡಬೇಕು" ಎನ್ನುವುದು ಮಕ್ಕಳದೇ ತಪ್ಪು ಕಲ್ಪನೆ, ಅತಿ ಹೆಚ್ಚು ಜನರನ್ನು ಅರ್ಧಕ್ಕೆ ಬಿಡಿಸುವುದೂ ಇದೇ. ಬಿಜಿಎಂಐಗೆ ಮೂಲವಾದ ಪಬ್‌ಜಿಯ ಹಿಂದಿದ್ದ ಬ್ರೆಂಡನ್ ಗ್ರೀನ್ ಕೂಡ ಮೊದಲು ಬೇರೆಯವರ ಆಟವನ್ನು ತಿದ್ದಿ ತನ್ನ ನಿಯಮ ಸೇರಿಸುತ್ತಿದ್ದವರು. 1984ರಲ್ಲಿ ಟೆಟ್ರಿಸ್ ಹುಟ್ಟಿದಾಗ ಆ ಯಂತ್ರಕ್ಕೆ ಚಿತ್ರ ಬಿಡಿಸಲು ಬರುತ್ತಿರಲಿಲ್ಲ, ಆವರಣ ಚಿಹ್ನೆಗಳೇ ಇಟ್ಟಿಗೆಗಳಾಗಿದ್ದವು. ಆಟವೆಂದರೆ ಮೊದಲು ನಿಯಮ, ಚಿತ್ರ ಆಮೇಲೆ.

ನಿಯಮಗಳಿಗೆ ನಮ್ಮಲ್ಲಿ ಬರವಿಲ್ಲ. ಚೌಕಾಬಾರವನ್ನೇ ತೆಗೆದುಕೊಳ್ಳಿ. ಐದಕ್ಕೆ ಐದು, ಒಟ್ಟು 25 ಮನೆ. ಕಾಯಿ ಹೊರಸುತ್ತಿನ 16 ಮನೆ ಸುತ್ತಿ, ಒಳಸುತ್ತಿನ 8 ಮನೆ ತಿರುವುಮುರುವಾಗಿ ಸುತ್ತಿ, ನಡುಮನೆಗೆ ಹಣ್ಣಾಗಲು ಹೋಗುತ್ತದೆ. ಕಂಪ್ಯೂಟರಿಗೆ ಇದು 25 ಜಾಗಗಳ ಒಂದು ಪಟ್ಟಿ, ಅಷ್ಟೇ. ನಾಲ್ವರು ಆಟಗಾರರಿಗೂ ಹಾದಿಯ ರೂಪ ಒಂದೇ, ಹೊರಡುವ ಕಟ್ಟೆ ಮಾತ್ರ ನಾಲ್ಕು ನಾಲ್ಕು ಮನೆ ಆಚೆ.

ಕವಡೆ ಹಾಕುವ ಜಾಗದಲ್ಲಿ ಹೊಸಬರು ಎಡವುತ್ತಾರೆ. ಬೀಳುವ ಸಂಖ್ಯೆ 1, 2, 3, 4, ಇಲ್ಲವೇ 8. ಹಾಗಾಗಿ "ಐದರಲ್ಲಿ ಒಂದನ್ನು ಆರಿಸು" ಎಂದು ಕೋಡ್ ಬರೆದುಬಿಡುತ್ತಾರೆ. ಆಡಿ ನೋಡಿದರೆ ಆಟ ಕೆಟ್ಟಿರುತ್ತದೆ: ನೂರು ಸಲ ಹಾಕಿದರೆ ಸುಮಾರು 20 ಸಲ ಎಂಟು ಬೀಳುತ್ತದೆ. ನಿಜವಾದ ಆಟದಲ್ಲಿ ನಾಲ್ಕೂ ಕವಡೆ ಬೋರಲು ಬಿದ್ದರೆ ಮಾತ್ರ ಎಂಟು. ಒಂದೊಂದು ಕವಡೆಗೂ ಅರ್ಧ ಅರ್ಧ ಅವಕಾಶ ಎಂದುಕೊಂಡರೆ ಅದು 16ರಲ್ಲಿ ಒಂದು, ನೂರಕ್ಕೆ ಆರು ಸಲ. ಎರಡು ಬೀಳುವುದಾದರೋ 16ರಲ್ಲಿ ಆರು. ಆದ್ದರಿಂದ ಪ್ರತಿ ಕವಡೆಯನ್ನೂ ಬೇರೆಬೇರೆಯಾಗಿ ಹಾಕಿಸಿ, ಅಂಗಾತ ಬಿದ್ದವನ್ನು ಎಣಿಸಿ, ಒಂದೂ ಇಲ್ಲದಿದ್ದರೆ ಎಂಟು ಎನ್ನಬೇಕು. ಅಸಲಿ ಕವಡೆಯೋ ತೇಯ್ದ ಹುಣಸೆ ಬೀಜವೋ ಸರಿಯಾಗಿ ಅರ್ಧ ಅರ್ಧ ಬೀಳುವುದೂ ಇಲ್ಲ. ನೂರು ಸಲ ಎಸೆದು ಬರೆದಿಟ್ಟುಕೊಂಡರೆ ನಿಮ್ಮ ಮನೆಯ ಕವಡೆಯ ಗುಣವೇ ಆಟಕ್ಕೆ ಬರುತ್ತದೆ. ಎಸ್ಸೆಸ್ಸೆಲ್ಸಿ ಗಣಿತದ ಸಂಭವನೀಯತೆ ಪಾಠ ಇಲ್ಲಿ ಕೆಲಸಕ್ಕೆ ಬಂತಲ್ಲ!

ಇಷ್ಟು ಕೈಗೂಡಿದ ಮೇಲೆ ಹುಲಿ–ಕುರಿ ಆಟಕ್ಕೆ ಕೈ ಹಾಕಬಹುದು. ಮೂರು ಹುಲಿ, 15 ಕುರಿ, 23 ಬಿಂದುಗಳ ಬಗೆಯಲ್ಲಿ ಕಂಪ್ಯೂಟರನ್ನೇ ಹುಲಿಯಾಗಿಸಿ ಯೋಚಿಸಲು ಕಲಿಸುವುದು ದೊಡ್ಡ ಸವಾಲು. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದಕ್ಕೆಂದೇ ವಿಶ್ವವಿದ್ಯಾಲಯವಿರುವ ಜಿಲ್ಲೆಯ ಮಕ್ಕಳು ಆಟದ ವಸ್ತುವಿಗಾಗಿ ಬೇರೆಲ್ಲೋ ಹುಡುಕಬೇಕಾಗಿಲ್ಲ.

ಗಣಿತದ ಭಯಕ್ಕೂ ಇಂಗ್ಲಿಷಿನ ಭಯಕ್ಕೂ ಸ್ವಲ್ಪ ಆಧಾರವಿದೆ, ಆದರೆ ಇದ್ದದ್ದಕ್ಕಿಂತ ದೊಡ್ಡದಾಗಿ ಬೆಳೆದಿದೆ. ಗೊಡಾಟ್‌ನಲ್ಲಿ ಪಾತ್ರ ಜಿಗಿಯುವ ಮಾದರಿ ಕೋಡ್ ತೆರೆದರೆ ಜಿಗಿತದ ವೇಗ ಮೈನಸ್ 400 ಎಂದಿರುತ್ತದೆ, ಗುರುತ್ವ 980. ತೆರೆಯ ಮೇಲೆ ಲೆಕ್ಕ ಮೇಲಿನಿಂದ ಕೆಳಗೆ ಹೋಗುವುದರಿಂದ ಮೇಲಕ್ಕೆ ಹಾರುವುದೆಂದರೆ ಮೈನಸ್. ಇದು ಒಂಬತ್ತನೇ ತರಗತಿಯ ಚಲನೆಯ ಪಾಠ ಮತ್ತು ನಿರ್ದೇಶಾಂಕ ರೇಖಾಗಣಿತ, ಕನ್ನಡ ಮಾಧ್ಯಮದ ಪಠ್ಯಪುಸ್ತಕದಲ್ಲಿರುವುದೇ. ಕೋಡಿನಲ್ಲಿ ಪದೇ ಪದೇ ಬರುವ ಇಂಗ್ಲಿಷ್ ಪದಗಳು ಹತ್ತಾರು ಮಾತ್ರ. ಕೈಪಿಡಿ ಓದಲು ಇಂಗ್ಲಿಷ್ ಬೇಕು, ಅದು ಓದುತ್ತ ಓದುತ್ತ ಬರುತ್ತದೆ. ಆಟದೊಳಗಿನ ಮಾತು ಕನ್ನಡದಲ್ಲೇ ಇರಲಿ: 2023ರಲ್ಲಿ ಬಂದ ಗೊಡಾಟ್ 4ರಿಂದ ಒತ್ತಕ್ಷರ, ಗುಣಿತಾಕ್ಷರಗಳು ಸರಿಯಾಗಿ ಕೂಡಿಕೊಳ್ಳುತ್ತವೆ, ಅದಕ್ಕೂ ಹಿಂದಿನದನ್ನು ಹಾಕಿಕೊಂಡರೆ ಅಕ್ಷರಗಳು ಒಡೆದು ಕಾಣುತ್ತವೆ.

ಚೌಕಾಬಾರ ಮುಗಿದ ದಿನ ಅದನ್ನು ನೆಲದ ಮೇಲೆ ಮನೆ ಬರೆದು ಆಡಿ ಬಲ್ಲ ಹಿರಿಯರ ಕೈಗೆ ಕೊಡಿ, ಪಕ್ಕದಲ್ಲಿ ಕೂತು ಏನೂ ಹೇಳದೆ ನೋಡಿ. ಎಲ್ಲಿ ಬೆರಳು ತಡವರಿಸಿತು, ಯಾವ ನಿಯಮಕ್ಕೆ "ಹಂಗಲ್ಲ, ಕಾಯಿ ಕಡೀದ ಒಳಗ ಹೋಗಂಗಿಲ್ಲ" ಎಂದರು, ಎಲ್ಲ ಬರೆದುಕೊಳ್ಳಿ. ಎರಡನೇ ಆವೃತ್ತಿಯನ್ನು ಅಲ್ಲಿಂದ ಶುರು ಮಾಡಿ.