ಇಟ್ಟಿಗೆಯ ಗೂಡೂ ಆಕಾಶದ ನಕ್ಷತ್ರವೂ

ಶಾಖವು ಏರಿಳಿದಂತೆ ಪದಾರ್ಥಗಳ ನಡೆವಳಿಕೆಯು ಬದಲಾಗುವುದು. ಈ ನಿಯಮವು ಅಡಿಗೆಯ ಮನೆಯಲ್ಲಿಯೂ ಆಕಾಶದಲ್ಲಿಯೂ ಹೇಗೆ ನಡೆಯುತ್ತಿರುವುದೆಂಬುದನ್ನು ಕೋಲಾರ ಸೀಮೆಯ ಕೆಲವು ದೃಷ್ಟಾಂತಗಳಿಂದ ವಾಚಕರಿಗೆ ತಿಳಿಸಬಯಸುತ್ತೇವೆ.

ಮುಳಬಾಗಿಲಿನ ದೋಸೆಯ ಹೆಸರನ್ನು ಕೇಳದವರು ವಿರಳ. ದೋಸೆಯ ಹಿಟ್ಟು ಬೇಸಗೆಯಲ್ಲಿ ಬೇಗನೆ ಹುಳಿಯುವುದು. ಮಾಗಿಯ ಚಳಿಯಲ್ಲಿ ಬೆಳಗಾದರೂ ಉಬ್ಬದು. ಇದಕ್ಕೆ ಕಾರಣವೇನು? ಪದಾರ್ಥದ ಅಣುಗಳು ಸದಾ ಚಲಿಸುತ್ತ ಒಂದನ್ನೊಂದು ತಾಗುತ್ತಿರುವುವು. ತಕ್ಕಷ್ಟು ಬಲದಿಂದ ತಾಗಿದವು ಮಾತ್ರವೇ ಕೂಡಿ ಹೊಸ ಪದಾರ್ಥವಾಗುವುವು. ಶಾಖವು ಸ್ವಲ್ಪ ಏರಿದರೂ ಅಂತಹ ಅಣುಗಳ ಸಂಖ್ಯೆಯು ಬಹಳವಾಗಿ ಹೆಚ್ಚುವುದು. ಅನೇಕ ರಸಾಯನಕ್ರಿಯೆಗಳು 10 ಡಿಗ್ರಿ ಶಾಖ ಏರಿದರೆ ಸುಮಾರು ಇಮ್ಮಡಿ ವೇಗವನ್ನು ಪಡೆಯುವುವು. ಕೋಲಾರದ ಹಳ್ಳಿಗಳಲ್ಲಿ ಕರೆದ ಹಾಲನ್ನು ಸುಮಾರು 4 ಡಿಗ್ರಿಗೆ ತಂಪುಮಾಡಿ ಸಾಗಿಸುವುದು ಇದಕ್ಕಾಗಿಯೇ. ಅದು ತಡವಾದರೆ ಹಸುವನ್ನು ನಂಬಿದ ಸಂಸಾರದ ಆ ದಿನದ ದುಡಿಮೆಯೇ ಒಡೆದುಹೋಗುವುದು.

ಶ್ರೀನಿವಾಸಪುರದ ಮಾವಿನ ಕಾಯನ್ನು ಹುಲ್ಲಿನಲ್ಲಿ ಬೆಚ್ಚಗೆ ಇಟ್ಟರೆ ತಾನೇ ಹೊರಸೂಸುವ ಎಥಿಲೀನ್ ಅನಿಲದಿಂದ ಅದು ಹದವಾಗಿ ಹಣ್ಣಾಗುವುದು. ಲಾಭದ ಆತುರದಿಂದ ಕೆಲವರು ಕಾರ್ಬೈಡನ್ನು ಬಳಸುವುದುಂಟು. ಅದರಲ್ಲಿ ವಿಷಾಂಶಗಳು ಬೆರೆತಿರಬಹುದಾದುದರಿಂದ ಈ ಪದ್ಧತಿಯು ಕಾನೂನಿನಿಂದ ನಿಷಿದ್ಧವಾಗಿದೆ. ಸಿಪ್ಪೆ ಹಳದಿಯಾದ ಮಾತ್ರಕ್ಕೆ ಹಣ್ಣು ಮಾಗಿತೆಂದು ಗೃಹಸ್ಥರು ಭ್ರಮಿಸಬಾರದು.

ಇನ್ನು ಮಾಲೂರಿಗೆ ಬರೋಣ. ಇಟ್ಟಿಗೆ ಹೆಂಚುಗಳಿಗೆ ಪ್ರಸಿದ್ಧವಾದ ಈ ಊರಿನ ಗೂಡುಗಳಲ್ಲಿ ಬೆಂಕಿಯ ಬಣ್ಣವೇ ಶಾಖದ ಗುರುತು. ಮಂದವಾದ ಕೆಂಪು ಸುಮಾರು 700 ಡಿಗ್ರಿಯನ್ನೂ, ಕಿತ್ತಿಳೆಯ ಬಣ್ಣವು ಸಾವಿರದ ಸಮೀಪವನ್ನೂ ಸೂಚಿಸುವುದು. ನಕ್ಷತ್ರಗಳಲ್ಲಿಯೂ ಇದೇ ಕ್ರಮ. ಕೆಂಪಾದ ಆರ್ದ್ರೆಯ ಮೇಲ್ಮೈ ಸುಮಾರು 3300 ಡಿಗ್ರಿ. ನಮ್ಮ ಸೂರ್ಯನದು 5500. ಬೆಳ್ಳಗೆ ಹೊಳೆಯುವ ಲುಬ್ಧಕನದು 9600. ನಕ್ಷತ್ರದ ಬೆಳಕಿನಲ್ಲಿ ಕಾಣುವ ಕಪ್ಪುಗೆರೆಗಳೂ ಶಾಖವನ್ನು ಅನುಸರಿಸಿ ಬದಲಾಗುವುವೆಂಬುದರ ಮರ್ಮವನ್ನು 1920ರಲ್ಲಿ ನಮ್ಮ ದೇಶದ ಮೇಘನಾದ ಸಾಹಾ ಅವರು ವಿವರಿಸಿದರು.

ಸೂರ್ಯನ ಗರ್ಭದಲ್ಲಿ ಶಾಖವು ಸುಮಾರು ಒಂದೂವರೆ ಕೋಟಿ ಡಿಗ್ರಿ. ಅಲ್ಲಿ ನಡೆಯುವುದು ರಸಾಯನಕ್ರಿಯೆಯಲ್ಲ. ಜಲಜನಕದ ಪರಮಾಣುಗಳ ಬೀಜಗಳೇ ಕೂಡಿ ಹೀಲಿಯಂ ಆಗುವುವು. ಒಂದನ್ನೊಂದು ದೂಡುವ ಈ ಬೀಜಗಳು ಕೂಡಬೇಕಾದರೆ ಅಷ್ಟು ಶಾಖವು ಬೇಕೇ ಬೇಕು. ಗರ್ಭವು ಹೆಚ್ಚು ಕಾದಷ್ಟೂ ಇಂಧನವು ಬೇಗನೆ ಮುಗಿಯುವುದು. ಆರ್ದ್ರೆಯಂತಹ ಭಾರಿ ನಕ್ಷತ್ರದ ಆಯುಸ್ಸು ಸುಮಾರು ಒಂದು ಕೋಟಿ ವರ್ಷ ಮಾತ್ರ. ಮಿತವಾಗಿ ಉರಿಯುವ ಸೂರ್ಯನದು ಸುಮಾರು ಸಾವಿರ ಕೋಟಿ. ಅದರಲ್ಲಿ 460 ಕೋಟಿ ಕಳೆದಿವೆ.

ಹದವರಿತು ಉರಿಯುವ ಸೂರ್ಯನಿಂದಲೇ ನಮ್ಮ ಬಾಳು. ಹದವರಿತು ಉರಿಸಿದ ಒಲೆಯಿಂದ ನಮ್ಮ ಊಟ.