ಅಂಚು ಎಲ್ಲಿದೆ?

ಪೀಣ್ಯದ ಮಷೀನ್ ಶಾಪುಗಳಲ್ಲಿ ಲೇತಿನಿಂದ ಇಳಿಸಿದ ಜಾಬನ್ನು ಅಳೆಯಲು ಕೈ ಮೊದಲು ಹೋಗುವುದು ಮೈಕ್ರೋಮೀಟರಿನ ಕಡೆಗೆ. ಅದು ಲೋಹವನ್ನು ಮುಟ್ಟುತ್ತದೆ. ಮುಟ್ಟಿದ ಜಾಗವೇ ಅಂಚು, ತಕರಾರಿಲ್ಲ. ಅಳೆಯಲು ಕ್ಯಾಮೆರಾ ಇಟ್ಟರೆ ಅದಕ್ಕೆ ಆ ಸೌಲಭ್ಯವಿಲ್ಲ. ಲೋಹ ಎಲ್ಲಿ ಮುಗಿಯಿತೆಂದು ಅದು ಬೆಳಕನ್ನು ನೋಡಿಯೇ ತೀರ್ಮಾನಿಸಬೇಕು.

ಬೆಳಕಿನಿಂದ ಅಳೆಯುವ ಉಪಾಯ ಹೊಸದೇನಲ್ಲ. ಮೊದಲ ಮಹಾಯುದ್ಧದ ನಂತರ ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಜೇಮ್ಸ್ ಹಾರ್ಟ್‌ನೆಸ್ ಮತ್ತು ರಸೆಲ್ ಪೋರ್ಟರ್ ಸ್ಕ್ರೂ ಥ್ರೆಡ್ಡಿನ ನೆರಳನ್ನು ಹಲವು ಪಟ್ಟು ಹಿಗ್ಗಿಸಿ, ಪರದೆಯ ಮೇಲಿನ ನಕ್ಷೆಗೆ ತಾಳೆ ನೋಡುವ ಯಂತ್ರ ಕಟ್ಟಿದರು. ಪೋರ್ಟರ್ ದೂರದರ್ಶಕಗಳ ಹುಚ್ಚು ಹಚ್ಚಿಕೊಂಡಿದ್ದವರು. ಅದೇ ಕಣ್ಣು ಇಲ್ಲಿಯೂ ಕೆಲಸ ಮಾಡಿತು. ಈಗಿನ ಪ್ರೊಫೈಲ್ ಪ್ರೊಜೆಕ್ಟರ್ ಆ ವಂಶದ್ದೇ.

ಇಂದು ಪರದೆಯ ಜಾಗದಲ್ಲಿ ಕ್ಯಾಮೆರಾ ಇದೆ. ಜಾಬಿನ ಹಿಂದಿನಿಂದ ಬೆಳಕು ಹಾಯಿಸಿ ನೆರಳಿನ ಚಿತ್ರ ತೆಗೆಯುತ್ತಾರೆ. ಸಾಮಾನ್ಯ ಲೆನ್ಸಿನಲ್ಲಿ ಹತ್ತಿರದ್ದು ದೊಡ್ಡದಾಗಿ ಕಾಣುವುದರಿಂದ ಜಾಬು ಕೊಂಚ ಮೇಲೆದ್ದು ಕೂತರೂ ಅಳತೆ ಕೆಟ್ಟಿತು. ಅದಕ್ಕೆಂದೇ ಟೆಲಿಸೆಂಟ್ರಿಕ್ ಲೆನ್ಸ್ ಬಂದಿದೆ: ಲೆನ್ಸಿನ ಅಕ್ಷಕ್ಕೆ ಸಮಾಂತರವಾಗಿ ಬರುವ ಕಿರಣಗಳಿಗಷ್ಟೇ ಒಳಗೆ ಪ್ರವೇಶ. ಆದರೆ ಅದರ ಮುಂಭಾಗದ ಗಾಜು ಅಳೆಯುವ ವಸ್ತುವಿಗಿಂತ ದೊಡ್ಡದಿರಬೇಕು. ತೂಕವೂ ಜಾಸ್ತಿ, ಬೆಲೆಯೂ ಜಾಸ್ತಿ.

ಚಿತ್ರದಲ್ಲಿ ಬಿಳುಪು ತಟ್ಟನೆ ಕಪ್ಪಾಗುವುದಿಲ್ಲ. ನಾಲ್ಕೈದು ಪಿಕ್ಸೆಲ್‌ಗಳಲ್ಲಿ ಇಳಿಜಾರಾಗಿ ಮಬ್ಬಾಗುತ್ತದೆ. ಈ ಮಬ್ಬೇ ಉಪಕಾರಿ. ಇಳಿಜಾರಿನ ಆಕಾರಕ್ಕೆ ಗಣಿತದ ರೇಖೆ ಹೊಂದಿಸಿದರೆ ಅಂಚನ್ನು ಪಿಕ್ಸೆಲ್ಲಿನ ಹತ್ತನೇ ಒಂದು ಭಾಗದವರೆಗೂ ಗುರುತಿಸಬಹುದು. ಒಂದು ಪಿಕ್ಸೆಲ್ 10 ಮೈಕ್ರಾನ್ ಜಾಗವನ್ನು ಕಂಡರೆ, ಅಂಚು 1 ಮೈಕ್ರಾನಿನಷ್ಟು ಸೂಕ್ಷ್ಮವಾಗಿ ಸಿಕ್ಕಿತು. ಜಾಬಿಗೆ ಕೂಲೆಂಟಿನ ಹನಿಯೊಂದು ಅಂಟಿಕೊಂಡಿದ್ದರೆ ಕ್ಯಾಮೆರಾ ಅದನ್ನೂ ಅಷ್ಟೇ ನಿಷ್ಠೆಯಿಂದ ಅಳೆದುಕೊಡುತ್ತದೆ ಅನ್ನಿ!

ನೆರಳಿಗೆ ಸಿಗದ ಎತ್ತರ, ತಗ್ಗುಗಳಿಗೆ ಲೇಸರ್ ಬೇಕು. ಜಾಬಿನ ಮೇಲೆ ಲೇಸರ್ ಗೆರೆ ಬೀಳಿಸಿ ಓರೆಯಿಂದ ಕ್ಯಾಮೆರಾದಲ್ಲಿ ನೋಡಿದರೆ, ಎತ್ತರ ಬದಲಾದಲ್ಲೆಲ್ಲ ಗೆರೆ ಸರಿದು ಕಾಣುತ್ತದೆ. ಗೆರೆ ಸರಿದ ದೂರದಿಂದ ತ್ರಿಕೋನಮಿತಿ ಎತ್ತರವನ್ನು ಲೆಕ್ಕ ಹಾಕುತ್ತದೆ. ಇದರ ಶತ್ರು ಹೊಳಪು. ಪಾಲಿಶ್ ಮಾಡಿದ ಅಲ್ಯೂಮಿನಿಯಂ ಬೆಳಕನ್ನು ಬೇರೆಲ್ಲಿಗೋ ಎಸೆಯುತ್ತದೆ. ಬಿಳಿ ಪುಡಿ ಸಿಂಪಡಿಸಿದರೆ ಗೆರೆ ಕಾಣುತ್ತದೆ, ಆದರೆ ಪುಡಿಯ ದಪ್ಪವೂ ಅಳತೆಗೆ ಸೇರುತ್ತದೆ. ಕೆಂಡದಂತೆ ಕಾದ ಉಕ್ಕು ತಾನೇ ಕೆಂಪು ಬೆಳಕು ಸೂಸುವುದರಿಂದ ಅಲ್ಲಿ ನೀಲಿ ಲೇಸರ್ ಬಳಸುತ್ತಾರೆ.

ಇಷ್ಟೆಲ್ಲ ಆದ ಮೇಲೂ ಅಂಚು ನಿಂತಲ್ಲಿ ನಿಲ್ಲುವುದಿಲ್ಲ. ಕಾದರೆ ಲೋಹ ಹಿಗ್ಗುತ್ತದೆ. ಅದಕ್ಕೇ ಉದ್ದದ ಅಳತೆಗೆ ಆಧಾರ ತಾಪಮಾನ 20 ಡಿಗ್ರಿ ಸೆಲ್ಸಿಯಸ್ ಎಂದು 1931ರಲ್ಲೇ ಅಂತರರಾಷ್ಟ್ರೀಯವಾಗಿ ಒಪ್ಪಲಾಗಿದೆ. 100 ಮಿಲಿಮೀಟರ್ ಉದ್ದದ ಉಕ್ಕು 30 ಡಿಗ್ರಿಯಲ್ಲಿ ಸುಮಾರು 11 ಮೈಕ್ರಾನ್ ಹಿಗ್ಗಿರುತ್ತದೆ. ಅಲ್ಯೂಮಿನಿಯಂ ಅದರ ಎರಡರಷ್ಟು. ಹಾಗಾಗಿ ಕ್ಯಾಮೆರಾದ ಪಕ್ಕದಲ್ಲೇ ತಾಪಮಾಪಕವನ್ನೂ ಕೂರಿಸುತ್ತಾರೆ. ಜಾಬು ಯಾವ ಲೋಹದ್ದೆಂದು ಕಂಪ್ಯೂಟರಿಗೆ ಮೊದಲೇ ತಿಳಿಸಿರುತ್ತಾರೆ.